ಕೊರಿಯಾದಲ್ಲಿ ಮದುವೆ ಜಾಸ್ತಿಯಾಯ್ತಂತೆ, ನಿಜವಾಗಿ ಜಾಸ್ತಿಯಾಗಿದ್ದು ಏನು?

ದಕ್ಷಿಣ ಕೊರಿಯಾದ ಬಗ್ಗೆ ಕೆಲವು ವರ್ಷಗಳಿಂದ ಒಂದೇ ಥರದ ಸುದ್ದಿ ಬರುತ್ತಿತ್ತು. ಅಲ್ಲಿನ ಹುಡುಗ ಹುಡುಗಿಯರಿಗೆ ಮದುವೆ ಬೇಡ, ಮಕ್ಕಳು ಬೇಡ, ದೇಶ ಖಾಲಿಯಾಗುತ್ತಿದೆ ಅಂತ. 2023ರಲ್ಲಿ ಅಲ್ಲಿನ ಜನನ ದರ, ಅಂದರೆ ಒಬ್ಬ ಹೆಂಗಸು ಜೀವಮಾನದಲ್ಲಿ ಸರಾಸರಿ ಹೆರುವ ಮಕ್ಕಳ ಲೆಕ್ಕ, 0.72ಕ್ಕೆ ಇಳಿದಾಗ ಇಡೀ ಜಗತ್ತೇ ತಿರುಗಿ ನೋಡಿತ್ತು. ಆಮೇಲೆ ಇದ್ದಕ್ಕಿದ್ದಂತೆ ಸುದ್ದಿಯ ದಿಕ್ಕೇ ಬದಲಾಯಿತು. 2024ರಲ್ಲಿ 2,22,400 ಮದುವೆಗಳು ನಡೆದಿವೆ, ಹಿಂದಿನ ವರ್ಷಕ್ಕಿಂತ ಶೇ. 14.8 ಜಾಸ್ತಿ ಅಂತ ಸರ್ಕಾರಿ ಅಂಕಿಅಂಶ ಬಂತು. 1970ರಿಂದ ಇಟ್ಟುಕೊಂಡು ಬಂದ ಲೆಕ್ಕದಲ್ಲಿ ಒಂದೇ ವರ್ಷ ಇಷ್ಟು ಏರಿದ್ದು ಇದೇ ಮೊದಲು. ಜನನ ದರವೂ 0.75ಕ್ಕೆ ಬಂತು. 2025ರ ತಿಂಗಳ ಲೆಕ್ಕಗಳಲ್ಲೂ ಏರಿಕೆ ಮುಂದುವರಿಯಿತು.

ಹಾಗಾದರೆ ಮದುವೆ ಬೇಡ ಅನ್ನುತ್ತಿದ್ದವರೆಲ್ಲ ಮನಸ್ಸು ಬದಲಾಯಿಸಿದರಾ? ಅಥವಾ ಸರ್ಕಾರ ಕೊಟ್ಟ ದುಡ್ಡು ಕೆಲಸ ಮಾಡಿತಾ? ಕೊರಿಯನ್ ಸೀರಿಯಲ್‌ಗಳಲ್ಲಿ ಅತ್ತೆ ಕವರಿನಲ್ಲಿ ದುಡ್ಡು ತುಂಬಿ "ನನ್ನ ಮಗನನ್ನು ಬಿಟ್ಟುಬಿಡು" ಅನ್ನುವುದನ್ನು ನೋಡಿದವರಿಗೆ ಅಲ್ಲಿನ ಮದುವೆಯಲ್ಲಿ ದುಡ್ಡಿಗೆ ಜಾಗ ಇದೆ ಅಂತ ಗೊತ್ತು. ಆದರೆ ಆ ದುಡ್ಡು ಯಾವ ದಾರಿಯಲ್ಲಿ ಹರಿಯುತ್ತದೆ ಅನ್ನುವುದು ತಿಳಿದರೆ ಮಾತ್ರ ಈ ಅಂಕಿ ಅರ್ಥವಾಗುತ್ತದೆ.

ಲೆಕ್ಕಕ್ಕೆ ಬರುವುದು ಯಾವ ಮದುವೆ?

ಮೊದಲು ಒಂದು ಸರಳ ವಿಷಯ. ಕೊರಿಯಾದಲ್ಲಿ ಮದುವೆ ಸಮಾರಂಭ ಬೇರೆ, ಮದುವೆ ನೋಂದಣಿ ಬೇರೆ. ಅಲ್ಲಿನ ಸಿವಿಲ್ ಕಾನೂನಿನ ಪ್ರಕಾರ ನೋಂದಣಿ ಆದಾಗಲೇ ಮದುವೆ ಆದ ಹಾಗೆ. ಸಮಾರಂಭ ಬೇಕೇ ಬೇಕು ಅಂತಿಲ್ಲ. ಇಬ್ಬರು ವಯಸ್ಕ ಸಾಕ್ಷಿಗಳ ಸಹಿ ಇರುವ ಒಂದು ಅರ್ಜಿಯನ್ನು ಆಡಳಿತ ಕಚೇರಿಗೆ ಕೊಟ್ಟರೆ ಮುಗಿಯಿತು. ಹಾಗೆಯೇ ಐನೂರು ಜನರ ಮುಂದೆ ಅದ್ಧೂರಿಯಾಗಿ ಮದುವೆ ಮಾಡಿಕೊಂಡು, ಒಂದೇ ಮನೆಯಲ್ಲಿ ಸಂಸಾರ ಹೂಡಿದ್ದರೂ ಅರ್ಜಿ ಕೊಟ್ಟಿಲ್ಲ ಅಂದರೆ ಕಾನೂನಿನ ಕಣ್ಣಲ್ಲಿ ಅವರಿಬ್ಬರೂ ಅವಿವಾಹಿತರು.

ಸರ್ಕಾರಿ ಅಂಕಿ ಎಣಿಸುವುದು ಈ ಅರ್ಜಿಗಳನ್ನು, ಸಮಾರಂಭಗಳನ್ನಲ್ಲ. ಮೊದಲೆಲ್ಲ ಎರಡಕ್ಕೂ ಹೆಚ್ಚು ಅಂತರ ಇರುತ್ತಿರಲಿಲ್ಲ. ಈಗ ಸಮಾರಂಭ ಆಗಿ ವರ್ಷ, ಎರಡು ವರ್ಷ ಕಳೆದ ಮೇಲೆ ನೋಂದಾಯಿಸುವವರು ಹೆಚ್ಚಾಗಿದ್ದಾರೆ. ಇದಕ್ಕೆ ಕಾರಣಗಳಿವೆ, ಮುಂದೆ ನೋಡೋಣ. ಸದ್ಯಕ್ಕೆ ನೆನಪಿನಲ್ಲಿ ಇಟ್ಟುಕೊಳ್ಳಬೇಕಾದ್ದು ಇಷ್ಟೇ: "ಮದುವೆ ಜಾಸ್ತಿಯಾಯ್ತು" ಅಂದರೆ "ಅರ್ಜಿ ಜಾಸ್ತಿಯಾಯ್ತು" ಅಂತ ಅರ್ಥ.

ತೊಂಬತ್ತರ ದಶಕದ ಮಕ್ಕಳು ದೊಡ್ಡವರಾದರು

ಏರಿಕೆಗೆ ಇರುವ ದೊಡ್ಡ ಕಾರಣದಲ್ಲಿ ಮನಸ್ಸಿನ ಬದಲಾವಣೆಯೂ ಇಲ್ಲ, ಸರ್ಕಾರದ ಯೋಜನೆಯೂ ಇಲ್ಲ. 2024ರಲ್ಲಿ ಮೊದಲ ಸಲ ಮದುವೆಯಾದ ಗಂಡಸರ ಸರಾಸರಿ ವಯಸ್ಸು 33.9, ಹೆಂಗಸರದ್ದು 31.6. ಅಂದರೆ ಇವರು ಹುಟ್ಟಿದ್ದು 1990ರಿಂದ 1993ರ ಆಸುಪಾಸಿನಲ್ಲಿ. 1980ರ ದಶಕದಲ್ಲಿ ಕುಟುಂಬ ಯೋಜನೆಯ ಬಿರುಸಿಗೆ ಜನನ ಕುಸಿದಿತ್ತು. 1991ರಿಂದ 1995ರವರೆಗೆ ಮತ್ತೆ ಏರಿ, ವರ್ಷಕ್ಕೆ 7 ಲಕ್ಷಕ್ಕಿಂತ ಜಾಸ್ತಿ ಮಕ್ಕಳು ಹುಟ್ಟಿದರು. ಈ ಮಕ್ಕಳೇ ಈಗ ಮದುವೆ ವಯಸ್ಸಿಗೆ ಬಂದಿದ್ದಾರೆ. 2024ರ ಏರಿಕೆಯಲ್ಲೂ ಅತಿ ಹೆಚ್ಚು ಪಾಲು ಮೂವತ್ತರ ಮೊದಲರ್ಧದಲ್ಲಿ ಇರುವವರದ್ದೇ. ಮದುವೆ ಆಗುವ ಆಸೆ ಒಂಚೂರೂ ಹೆಚ್ಚದಿದ್ದರೂ, ಆ ವಯಸ್ಸಿನ ಜನ ಜಾಸ್ತಿ ಇದ್ದಾರೆ ಅನ್ನುವ ಒಂದೇ ಕಾರಣಕ್ಕೆ ಮದುವೆ ಜಾಸ್ತಿಯಾಗುತ್ತದೆ.

ಈ ಪೀಳಿಗೆಗೆ ಇನ್ನೊಂದು ಹೊರೆಯೂ ಇದೆ. ಆಗ ಗಂಡು ಮಗುವೇ ಬೇಕು ಅನ್ನುವ ಹಟದಿಂದ ಹೆಣ್ಣು ಭ್ರೂಣಗಳನ್ನು ತೆಗೆಸುತ್ತಿದ್ದರು. 1990ರಲ್ಲಿ 100 ಹೆಣ್ಣು ಮಕ್ಕಳಿಗೆ 116.5 ಗಂಡು ಮಕ್ಕಳು ಹುಟ್ಟಿದ್ದರು. ಹಾಗಾಗಿ ಇಂದು ಮೂವತ್ತು ದಾಟಿದ ಗಂಡಸರಲ್ಲಿ ಒಂದಷ್ಟು ಜನಕ್ಕೆ ಬಯಸಿದರೂ ತಮ್ಮ ವಯಸ್ಸಿನ ಹೆಣ್ಣು ಸಿಗುವುದಿಲ್ಲ. ಅಜ್ಜ ಅಜ್ಜಿಯರ ಹಟಕ್ಕೆ ಮೊಮ್ಮಕ್ಕಳು ಬಡ್ಡಿ ಕಟ್ಟುತ್ತಿದ್ದಾರೆ.

ಇದರ ಜೊತೆಗೆ ಕೋವಿಡ್ ಬಾಕಿ ಸೇರಿಕೊಂಡಿತು. 2021ರಲ್ಲಿ ಸೋಂಕು ಏರಿದಾಗ ಒಂದು ಮದುವೆಗೆ 49 ಜನಕ್ಕಿಂತ ಹೆಚ್ಚು ಸೇರುವ ಹಾಗಿರಲಿಲ್ಲ. ತುಂಬ ಜನ ಮುಂದೂಡಿದರು. 2019ರಲ್ಲಿ 2,39,200 ಇದ್ದ ಮದುವೆಗಳು 2022ರ ಹೊತ್ತಿಗೆ 1,91,700ಕ್ಕೆ ಇಳಿದವು. ಅಷ್ಟು ಕೆಳಗಿಂದ ಎದ್ದದ್ದಕ್ಕೇ ಶೇ. 14.8 ಅನ್ನುವುದು ದೊಡ್ಡದಾಗಿ ಕಾಣುತ್ತದೆ. 1996ರಲ್ಲಿ ಆದ ಮದುವೆಗಳು ಸುಮಾರು 4,35,000. ಅದರ ಪಕ್ಕದಲ್ಲಿ ಇಟ್ಟರೆ 2024ರ ಅಂಕಿ ಅರ್ಧವಷ್ಟೇ.

ಅರ್ಜಿ ತಡ ಮಾಡಿದರೆ ಏನು ಲಾಭ?

ಇನ್ನು ಸರ್ಕಾರದ ಕಡೆಯ ವಾದಕ್ಕೆ ಬರೋಣ. ಯುವಕರು ಮದುವೆ ನೋಂದಣಿ ತಡ ಮಾಡುತ್ತಿದ್ದುದಕ್ಕೆ ಸರ್ಕಾರದ ಕೆಲವು ನಿಯಮಗಳೂ ಕಾರಣ ಅನ್ನುವುದನ್ನು ಸರ್ಕಾರವೇ ಈಗ ಒಪ್ಪಿಕೊಂಡಿದೆ.

ಕೊರಿಯಾದಲ್ಲಿ ಹೊಸ ಜೋಡಿಗೆ ದೊಡ್ಡ ಚಿಂತೆ ಮನೆಯದು. ಅಲ್ಲಿ ಜೊನ್ಸೆ ಅನ್ನುವ ಪದ್ಧತಿ ಇದೆ. ಬೆಂಗಳೂರಿನಲ್ಲಿ ಲೀಸ್‌ಗೆ ಮನೆ ಹಿಡಿಯುತ್ತಾರಲ್ಲ, ಅದೇ: ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ತಿಂಗಳ ಬಾಡಿಗೆ ಇಲ್ಲ, ಬಿಡುವಾಗ ಪೂರ್ತಿ ವಾಪಸ್. ರಾಜಧಾನಿ ಸೋಲ್‌ನಲ್ಲಿ ಆ ಮೊತ್ತ ಸಂಬಳದಾರರ ಕೈಗೆ ಎಟುಕುವುದಿಲ್ಲ. ಅದಕ್ಕೆ ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಡುತ್ತದೆ, ಆದರೆ ಆದಾಯಕ್ಕೆ ಮಿತಿ ಇಡುತ್ತದೆ.

ಎಡವಟ್ಟು ಆಗುವುದು ಈ ಮಿತಿಯಲ್ಲೇ. 2023ರ ಕೊನೆಯಲ್ಲಿ ಪರಿಷ್ಕರಿಸಿದ ಮೇಲೂ ಜೊನ್ಸೆ ಸಾಲಕ್ಕೆ ಒಂಟಿ ವ್ಯಕ್ತಿಯ ವಾರ್ಷಿಕ ಆದಾಯದ ಮಿತಿ 5 ಕೋಟಿ ವಾನ್ ಇತ್ತು, ಹೊಸದಾಗಿ ಮದುವೆಯಾದ ಜೋಡಿಗೆ 7.5 ಕೋಟಿ ವಾನ್. ಹುಡುಗ 4.5 ಕೋಟಿ ವಾನ್ ದುಡಿಯುತ್ತಾನೆ, ಹುಡುಗಿಯೂ 4.5 ಕೋಟಿ ದುಡಿಯುತ್ತಾಳೆ ಅಂದುಕೊಳ್ಳಿ. ನಮ್ಮ ದುಡ್ಡಿನಲ್ಲಿ ತಲಾ ಸುಮಾರು 27 ಲಕ್ಷ ರೂಪಾಯಿ. ಒಂಟಿಯಾಗಿದ್ದಾಗ ಇಬ್ಬರಿಗೂ ಸಾಲದ ಅರ್ಹತೆ ಇದೆ. ಮದುವೆ ನೋಂದಾಯಿಸಿದ ಮರುಗಳಿಗೆಯೇ ಇಬ್ಬರದ್ದೂ ಸೇರಿ 9 ಕೋಟಿ ಆಗುತ್ತದೆ, ಅರ್ಹತೆ ಹೋಗುತ್ತದೆ. ಎರಡು ಸಂಬಳ ಇರುವ ಮನೆಗೆ ದಂಡ ಹಾಕಿದ ಹಾಗಾಯಿತು.

ಹೊಸ ಅಪಾರ್ಟ್‌ಮೆಂಟ್‌ಗಳನ್ನು ಹಂಚುವ ಲಾಟರಿಯಲ್ಲೂ ಆಗ ಇದೇ ಕಥೆ ಇತ್ತು. ಬೇರೆ ಬೇರೆಯಾಗಿದ್ದರೆ ಇಬ್ಬರಿಗೆ ಎರಡು ಅರ್ಜಿ. ಗಂಡ ಹೆಂಡತಿ ಆದರೆ ಒಂದೇ. ಮದುವೆಗೆ ಮುಂಚೆ ಒಬ್ಬರಿಗೆ ಲಾಟರಿ ಹೊಡೆದಿದ್ದರೆ ನವದಂಪತಿ ಕೋಟಾ ಇಬ್ಬರಿಗೂ ಬಂದ್. ಇಷ್ಟೆಲ್ಲ ಲೆಕ್ಕ ಹಾಕಿದವರು ಸಮಾರಂಭ ಮಾಡಿಕೊಂಡು, ಅರ್ಜಿಯನ್ನು ಮಾತ್ರ ಡ್ರಾಯರ್‌ನಲ್ಲಿ ಇಟ್ಟುಕೊಂಡರು. ಒಂದು ವೇಳೆ ಸಂಸಾರ ಸರಿಹೋಗದಿದ್ದರೆ ದಾಖಲೆಯಲ್ಲಿ ವಿಚ್ಛೇದನದ ಗುರುತು ಉಳಿಯುವುದಿಲ್ಲ ಅನ್ನುವ ಎಚ್ಚರವೂ ಕೆಲವರಿಗೆ ಇತ್ತು.

2024ರಲ್ಲಿ ಈ ಗಂಟುಗಳಲ್ಲಿ ಕೆಲವನ್ನು ಬಿಚ್ಚಲಾಯಿತು. ಮಾರ್ಚ್‌ನಿಂದ ಗಂಡ ಹೆಂಡತಿ ಇಬ್ಬರೂ ಲಾಟರಿಗೆ ಅರ್ಜಿ ಹಾಕಬಹುದು. ಇಬ್ಬರ ಬಳಿಯೂ ಒಂದೊಂದು ಮನೆ ಇದ್ದರೆ, ಮದುವೆಯಾದ ಮೇಲೆ ಒಂದನ್ನು ತೆರಿಗೆ ಇಲ್ಲದೆ ಮಾರಲು ಇದ್ದ 5 ವರ್ಷದ ಗಡುವು 10 ವರ್ಷ ಆಯಿತು. ಮದುವೆಯ ಹೆಸರಿನಲ್ಲಿ ಅಪ್ಪ ಅಮ್ಮ ಕೊಡುವ ಇನ್ನೂ 10 ಕೋಟಿ ವಾನ್‌ಗೆ ಉಡುಗೊರೆ ತೆರಿಗೆ ಇಲ್ಲ ಅಂತಾಯಿತು. ಮೊದಲೇ ಇದ್ದ 5 ಕೋಟಿ ವಿನಾಯಿತಿ ಸೇರಿಸಿದರೆ ಎರಡೂ ಕಡೆಯಿಂದ ಒಟ್ಟು 30 ಕೋಟಿ ವಾನ್‌ವರೆಗೆ ತೆರಿಗೆ ಇಲ್ಲದೆ ಬರಬಹುದು. ಇದು ಯಾರಿಗೆ ಉಪಯೋಗ ಅಂತ ಕೇಳಿದರೆ ಉತ್ತರ ಸುಲಭ: ಕೊಡುವಷ್ಟು ಇರುವ ಅಪ್ಪ ಅಮ್ಮ ಇದ್ದವರಿಗೆ. ವಿರೋಧ ಪಕ್ಷಗಳು ಆಗ ಎತ್ತಿದ್ದೂ ಇದೇ ತಕರಾರು.

ಡೇಜೊನ್ ಕೊಟ್ಟ ಸುಳಿವು

ದುಡ್ಡು ಕೊಟ್ಟರೆ ಮದುವೆ ಜಾಸ್ತಿಯಾಗುತ್ತದಾ ಅನ್ನುವ ಜಗಳಕ್ಕೆ ಡೇಜೊನ್ ನಗರ ಒಳ್ಳೆಯ ಉದಾಹರಣೆ. 2024ರಲ್ಲಿ ಈ ನಗರ ಹೊಸದಾಗಿ ಮದುವೆ ನೋಂದಾಯಿಸುವ 39 ವರ್ಷದೊಳಗಿನವರಿಗೆ ತಲಾ 25 ಲಕ್ಷ ವಾನ್ ಕೊಡಲು ಶುರು ಮಾಡಿತು. ಜೋಡಿಗೆ 50 ಲಕ್ಷ, ಅಂದರೆ ಸುಮಾರು 3 ಲಕ್ಷ ರೂಪಾಯಿ. ಆ ವರ್ಷ ದೇಶದಲ್ಲಿ ಮದುವೆ ಶೇ. 14.8 ಏರಿದರೆ ಡೇಜೊನ್‌ನಲ್ಲಿ ಶೇ. 50ಕ್ಕಿಂತ ಜಾಸ್ತಿ ಏರಿತು.

ಯೋಜನೆಯ ಪರ ಇರುವವರು ಇದನ್ನು ಗೆಲುವು ಅನ್ನುತ್ತಾರೆ. ಆದರೆ ಒಂದು ನಗರದ ಇಷ್ಟೊಂದು ಜನ ಒಂದೇ ವರ್ಷದಲ್ಲಿ ಹೊಸದಾಗಿ ಸಂಗಾತಿ ಹುಡುಕಿ, ಮನೆಯವರನ್ನು ಒಪ್ಪಿಸಿ, ಹಾಲ್ ಬುಕ್ ಮಾಡಿ ಮದುವೆಯಾದರು ಅಂದರೆ ನಂಬುವುದು ಕಷ್ಟ. ಡ್ರಾಯರ್‌ನಲ್ಲಿದ್ದ ಅರ್ಜಿಗಳು ಹೊರಗೆ ಬಂದವು ಅನ್ನುವುದೇ ಹೆಚ್ಚು ಸರಿಹೊಂದುವ ವಿವರಣೆ. ಹಾಗಂತ ಯೋಜನೆ ವ್ಯರ್ಥ ಅಂತಲ್ಲ. ನೋಂದಣಿ ಆದ ಮೇಲೆಯೇ ಮಗು ಅನ್ನುವ ದೇಶದಲ್ಲಿ ನೋಂದಣಿ ಬೇಗ ಆದರೆ ಮಗುವೂ ಬೇಗ ಆಗಬಹುದು. ಆದರೆ ಮದುವೆ ಬೇಗ ಆಗುವುದು ಬೇರೆ, ಮದುವೆಗಳ ಸಂಖ್ಯೆ ಹೆಚ್ಚುವುದು ಬೇರೆ. ಈಗ ನಡೆಯುತ್ತಿರುವುದರಲ್ಲಿ ಮೊದಲನೆಯದ್ದರ ಪಾಲೇ ದೊಡ್ಡದು ಅನ್ನಿಸುತ್ತದೆ.

ಇನ್ನುಳಿದ ಪ್ರಯತ್ನಗಳು ಓದಲು ಮಜವಾಗಿವೆ. ಸಂಗ್ನಮ್ ನಗರಸಭೆ ತಾನೇ ಗಂಡು ಹೆಣ್ಣು ಭೇಟಿ ಕಾರ್ಯಕ್ರಮ ನಡೆಸುತ್ತದೆ. ಬೌದ್ಧರ ಜೋಗ್ಯೆ ಪಂಥ ದೇವಾಲಯಗಳಲ್ಲಿ ಒಂಟಿ ಯುವಕ ಯುವತಿಯರಿಗೆ ಎರಡು ದಿನದ ಶಿಬಿರ ಇಡುತ್ತದೆ. ಸಂಸಾರ ಬಿಟ್ಟ ಭಿಕ್ಷುಗಳು ಸಂಸಾರ ಕಟ್ಟಲು ನಿಂತಿದ್ದಾರೆ. ಸುದ್ದಿಗೆ ಚೆಂದ, ಸಂಖ್ಯೆಗೆ ಸಣ್ಣದು.

ಕವರಿನೊಳಗೆ ಎಷ್ಟು ಹಾಕಬೇಕು?

ಅಂಕಿ ಏರಿದರೂ ಮದುವೆ ಸುಲಭವಾಗಿಲ್ಲ. ಕೊರಿಯಾದ ಮದುವೆ ಹಾಲ್‌ಗೆ ಹೋದರೆ ಬಾಗಿಲಲ್ಲೇ ಎರಡು ಮೇಜು ಕಾಣುತ್ತವೆ. ಒಂದು ಗಂಡಿನ ಕಡೆಯದು, ಇನ್ನೊಂದು ಹೆಣ್ಣಿನ ಕಡೆಯದು. ಬಂದವರು ತಮ್ಮ ಹೆಸರು ಬರೆದ ಬಿಳಿ ಕವರನ್ನು ಅಲ್ಲಿ ಕೂತ ನೆಂಟರಿಗೆ ಕೊಡುತ್ತಾರೆ. ಅವರು ಪುಸ್ತಕದಲ್ಲಿ ಲೆಕ್ಕ ಇಟ್ಟುಕೊಂಡು ಊಟದ ಟೋಕನ್ ಕೊಡುತ್ತಾರೆ. ನಮ್ಮ ಮುಯ್ಯಿ ಪುಸ್ತಕಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಕೊಟ್ಟಿದ್ದು ನೆನಪಿರುತ್ತದೆ, ಬಂದಿದ್ದೂ ನೆನಪಿರುತ್ತದೆ, ತಿರುಗಿಸಬೇಕು.

ಸಮಾರಂಭ ಅರ್ಧ ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಗಂಡಿನ ತಾಯಿ ನೀಲಿ ಬಣ್ಣದ, ಹೆಣ್ಣಿನ ತಾಯಿ ಗುಲಾಬಿ ಬಣ್ಣದ ಹಾನ್‌ಬೋಕ್ ಉಟ್ಟು ಬಂದು ಮೋಂಬತ್ತಿ ಹಚ್ಚುತ್ತಾರೆ. ಪ್ರತಿಜ್ಞೆ, ಹಾಡು, ಫೋಟೋ, ಊಟ. ಅಷ್ಟರಲ್ಲಿ ಮುಂದಿನ ಮದುವೆಯವರು ಬಂದಿರುತ್ತಾರೆ.

ಕವರಿನಲ್ಲಿ 50,000 ವಾನ್ ಹಾಕಬೇಕಾ, ಒಂದು ಲಕ್ಷವಾ ಅನ್ನುವುದು ಅಲ್ಲಿ ಮುಗಿಯದ ಚರ್ಚೆ. 50,000 ಅಂದರೆ ಸುಮಾರು 3,000 ರೂಪಾಯಿ. 2025ರಲ್ಲಿ ಕೊರಿಯಾದ ಗ್ರಾಹಕ ಸಂಸ್ಥೆ ಬೆಲೆಗಳನ್ನು ಪ್ರಕಟಿಸಲು ಶುರು ಮಾಡಿದಾಗ ಮದುವೆ ಊಟದ ಮಧ್ಯಮ ದರವೇ ತಲೆಗೆ ಸುಮಾರು 58,000 ವಾನ್ ಇತ್ತು. ಅಂದರೆ 50,000 ಕೊಟ್ಟು ಊಟ ಮಾಡಿ ಹೋದವರಿಂದ ಮದುವೆಯವರಿಗೆ ನಷ್ಟ! ಹಾಗಾಗಿ "ಹೋದರೆ ಒಂದು ಲಕ್ಷ, ಹೋಗದಿದ್ದರೆ ಐವತ್ತು ಸಾವಿರ" ಅನ್ನುವ ಅಲಿಖಿತ ನಿಯಮ ಹುಟ್ಟಿಕೊಂಡಿತು. ಊಟದ ದರ ಏರಿದರೆ ಕವರಿನ ದರ ಏರುತ್ತದೆ. ಕವರು ಭಾರ ಆದರೆ ಬರುವವರು ಕಡಿಮೆಯಾಗುತ್ತಾರೆ. ಬರುವವರು ಕಡಿಮೆಯಾದರೂ ಹಾಲ್‌ನವರಿಗೆ ಇಷ್ಟು ಊಟ ಅಂತ ಮೊದಲೇ ಮಾತು ಕೊಟ್ಟಿರುತ್ತಾರಲ್ಲ, ಬಿಲ್ ಕಟ್ಟಲೇಬೇಕು.

ಚಿಕ್ಕದಾಗಿ ಮದುವೆ ಮಾಡಿಕೊಂಡರೆ ಆಯ್ತಪ್ಪ ಅಂತ ಹೊರಗಿನವರಿಗೆ ಅನ್ನಿಸುತ್ತದೆ. ಆದರೆ ಕವರಿನ ದುಡ್ಡಿನಲ್ಲಿ ದೊಡ್ಡ ಪಾಲು ಅಪ್ಪ ಅಮ್ಮನ ಬಳಗದ್ದು. ಮೂವತ್ತು ವರ್ಷ ಊರವರ ಮದುವೆಗೆಲ್ಲ ಕೊಟ್ಟುಕೊಂಡು ಬಂದವರು ಅದು ತಿರುಗಿ ಬರುವ ಒಂದೇ ಅವಕಾಶವನ್ನು ಯಾಕೆ ಬಿಡುತ್ತಾರೆ? ಹಾಗಾಗಿ ಮಕ್ಕಳು ಚಿಕ್ಕದು ಅನ್ನುತ್ತಾರೆ, ಹೆತ್ತವರು ದೊಡ್ಡದು ಅನ್ನುತ್ತಾರೆ. ಸರ್ಕಾರಕ್ಕೂ ಇದನ್ನು ಮುರಿಯಲು ಆಗಲಿಲ್ಲ. 1973ರಲ್ಲಿ ಪಾರ್ಕ್ ಚುಂಗ್ ಹೀ ಸರ್ಕಾರ ಆಮಂತ್ರಣ ಪತ್ರ ಅಚ್ಚು ಹಾಕಿಸುವುದನ್ನು, ಮದುವೆಯಲ್ಲಿ ಊಟ ಹಾಕುವುದನ್ನು ಕಾನೂನಿನಿಂದಲೇ ತಡೆಯಲು ನೋಡಿತು. 1998ರಲ್ಲಿ ಸಂವಿಧಾನ ನ್ಯಾಯಾಲಯ ಊಟದ ನಿರ್ಬಂಧವನ್ನು ರದ್ದು ಮಾಡಿತು. ಅಷ್ಟರಲ್ಲಿ ಜನರೂ ಅದನ್ನು ಮರೆತಿದ್ದರು.

ಗ್ರಾಹಕ ಸಂಸ್ಥೆಯ ಅದೇ ಲೆಕ್ಕದಲ್ಲಿ ಹಾಲ್ ಮತ್ತು "ಸುದುಮೆ" ಸೇರಿ ಒಂದು ಮದುವೆಗೆ ಸರಾಸರಿ ಸುಮಾರು 2.1 ಕೋಟಿ ವಾನ್, ಅಂದರೆ 12ರಿಂದ 13 ಲಕ್ಷ ರೂಪಾಯಿ. ಶ್ರೀಮಂತರ ಗಂಗ್ನಮ್‌ನಲ್ಲಿ 3 ಕೋಟಿ ದಾಟುತ್ತದೆ. ಸುದುಮೆ ಅಂದರೆ ಸ್ಟುಡಿಯೋ, ಡ್ರೆಸ್, ಮೇಕಪ್ ಮೂರೂ ಸೇರಿದ ಪ್ಯಾಕೇಜು. ಜನ ಬೈಯುವುದು ಬೆಲೆಗಿಂತ ಬೆಲೆ ಮುಚ್ಚಿಡುವುದಕ್ಕೆ. ಪ್ಯಾಕೇಜಿಗೆ ಸಹಿ ಹಾಕಿದ ಮೇಲೆ ಡ್ರೆಸ್ ಹಾಕಿ ನೋಡಿದ್ದಕ್ಕೆ ಬೇರೆ ದುಡ್ಡು, ಸೆರಗು ಹಿಡಿಯಲು ಬರುವ ಹೆಂಗಸಿಗೆ ಬೇರೆ, ಬೆಳಿಗ್ಗೆ ಬೇಗ ಮೇಕಪ್ ಮಾಡಿದರೆ ಬೇರೆ, ತೆಗೆದ ಫೋಟೋಗಳ ಮೂಲ ಫೈಲ್ ಬೇಕಾದರೆ ಅದಕ್ಕೂ ಬೇರೆ. 2024ರ ನವೆಂಬರ್‌ನಲ್ಲಿ ಅಲ್ಲಿನ ವ್ಯಾಪಾರ ಆಯೋಗ 18 ಮದುವೆ ಏಜೆನ್ಸಿಗಳ ಕರಾರು ಪತ್ರಗಳನ್ನು ತಿದ್ದಿಸಿತು. ಬೆಲೆ ಬಹಿರಂಗ ಆದರೆ ಜಗಳ ಕಡಿಮೆಯಾಗಬಹುದು. ಆದರೆ ಮೂವತ್ತರ ಪೀಳಿಗೆ ದೊಡ್ಡದಾಗಿ, ಹಾಲ್‌ಗಳಿಗೆ ಸರದಿ ನಿಂತಿರುವಾಗ ಬೆಲೆ ಇಳಿಯುವ ಕಾರಣ ಕಾಣುವುದಿಲ್ಲ.

ಮನೆ ಗಂಡಿನದು, ಸಾಮಾನು ಹೆಣ್ಣಿನದು

ಇದೆಲ್ಲ ಒಂದು ದಿನದ ಖರ್ಚು. ಅದಕ್ಕಿಂತ ದೊಡ್ಡದು ಹಳೆಯ ಹಂಚಿಕೆ: ಮನೆ ಗಂಡಿನ ಕಡೆಯವರದ್ದು, ಮನೆಯೊಳಗಿನ ಸಾಮಾನು ಹೆಣ್ಣಿನ ಕಡೆಯವರದ್ದು. ಜೊತೆಗೆ ಹೆಣ್ಣಿನ ಕಡೆಯವರು ಗಂಡಿನ ಮನೆಗೆ ಯೆದಾನ್ ಅಂತ ಉಡುಗೊರೆ ಕಳಿಸಬೇಕು. ಹಿಂದೆ ರೇಷ್ಮೆ, ಈಗ ನಗದು. ಅದರಲ್ಲಿ ಒಂದು ಪಾಲು ವಾಪಸ್ ಬರುತ್ತದೆ. ಎಷ್ಟು ಕೊಟ್ಟರು, ಎಷ್ಟು ತಿರುಗಿಸಿದರು ಅನ್ನುವುದರ ಮೇಲೆ ಬೀಗರ ನಡುವೆ ಮುನಿಸು ಹುಟ್ಟುತ್ತದೆ. ಮನೆಯ ಬೆಲೆ ಮೈಕ್ರೋವೇವ್, ಫ್ರಿಜ್‌ಗಳ ಬೆಲೆಗಿಂತ ಎಷ್ಟೋ ಮುಂದೆ ಓಡಿದ ಮೇಲೆ ಈ ಹಂಚಿಕೆ ಗಂಡಿನ ಮನೆಗೆ ಭಾರವಾಯಿತು. ಮನೆ ಕೊಟ್ಟವರು ಸೊಸೆಯಿಂದ ಜಾಸ್ತಿ ನಿರೀಕ್ಷಿಸಿದರು, ಅದು ಸೊಸೆಗೆ ಭಾರವಾಯಿತು. ಈಗ ಅರ್ಧ ಅರ್ಧ ಹಾಕುವ ಜೋಡಿಗಳು ಹೆಚ್ಚಾಗುತ್ತಿದ್ದಾರೆ.

ಹೆಂಗಸರ ಪ್ರಶ್ನೆ ಇಲ್ಲಿಂದ ಶುರುವಾಗುತ್ತದೆ. ದುಡ್ಡು ಅರ್ಧ ಅರ್ಧ ಸರಿ, ಮನೆಗೆಲಸ? 2019ರ ಸರ್ಕಾರಿ ಸಮೀಕ್ಷೆ ಪ್ರಕಾರ ಇಬ್ಬರೂ ದುಡಿಯುವ ಮನೆಗಳಲ್ಲಿ ಹೆಂಡತಿ ದಿನಕ್ಕೆ 3 ಗಂಟೆ 7 ನಿಮಿಷ ಮನೆಗೆಲಸ ಮಾಡುತ್ತಿದ್ದಳು, ಗಂಡ 54 ನಿಮಿಷ. 2024ರ ಸಾಮಾಜಿಕ ಸಮೀಕ್ಷೆಯಲ್ಲಿ ಮದುವೆ ಆಗಬೇಕು ಅಂದ ಅವಿವಾಹಿತ ಗಂಡಸರು ಶೇ. 41.6, ಹೆಂಗಸರು ಬರೀ ಶೇ. 26. ಲಾಟರಿ ನಿಯಮ ಬದಲಿಸಿದರೆ ಈ ಅಂತರ ತುಂಬುವುದಿಲ್ಲ.

ಸಂಪ್ರದಾಯ ಹಾಳಾಯಿತು ಅಂತ ಹಿರಿಯರು ಕೊರಗುತ್ತಾರೆ. ಆದರೆ ಸೊಸೆ ಅತ್ತೆ ಮನೆಗೇ ಹೋಗಬೇಕು ಅನ್ನುವುದೂ ಕೊರಿಯಾದಲ್ಲಿ ಅಂಥ ಪುರಾತನ ಏನಲ್ಲ. ಹಿಂದಿನ ಗೊರ್ಯೊ ರಾಜವಂಶದ ಕಾಲದಲ್ಲಿ, ಅದರ ನಂತರ ಬಂದ ಜೊಸೊನ್ ರಾಜವಂಶದ ಆಳ್ವಿಕೆಯ ಮೊದಲರ್ಧದಲ್ಲೂ ಮದುವೆ ಆಗುತ್ತಿದ್ದದ್ದು ಹೆಣ್ಣಿನ ಮನೆಯಲ್ಲಿ. ಅಳಿಯ ವರ್ಷಗಟ್ಟಲೆ ಅಲ್ಲೇ ಇರುತ್ತಿದ್ದ. ಕನ್ಫ್ಯೂಶಿಯನ್ ಪಂಡಿತರ ಒತ್ತಾಯ ಗಟ್ಟಿಯಾದ ಮೇಲಷ್ಟೇ ದಿಬ್ಬಣ ಉಲ್ಟಾ ಹೊರಟಿತು. ಚಿತ್ರಕಲಾವಿದೆ ಸಿನ್ ಸೈಮ್‌ದಂಗ್ ಮದುವೆಯಾದ ಮೇಲೂ ಬಹಳ ಕಾಲ ಗಂಗ್ನೂಂಗ್‌ನ ತವರಿನಲ್ಲಿದ್ದಳು. 1536ರಲ್ಲಿ ಅವಳ ಮಗ, ಮುಂದೆ ದೊಡ್ಡ ವಿದ್ವಾಂಸನಾದ ಯುಲ್ಗೊಕ್, ಹುಟ್ಟಿದ್ದೂ ಆ ತವರು ಮನೆಯಲ್ಲೇ. 2009ರಲ್ಲಿ ಬಂದ 50,000 ವಾನ್ ನೋಟಿನ ಮೇಲೆ ಇರುವುದು ಇದೇ ಸೈಮ್‌ದಂಗ್. ಮದುವೆ ಕವರುಗಳಲ್ಲಿ ಅತಿ ಹೆಚ್ಚು ಓಡಾಡುವ ಮುಖ ತವರಿನಲ್ಲೇ ಉಳಿದ ಹೆಣ್ಣಿನದು ಅನ್ನುವುದು ಯಾರೂ ಯೋಚಿಸದ ತಮಾಷೆ.

ಬೇರೆ ಆಚರಣೆಗಳು ಸದ್ದಿಲ್ಲದೆ ಕಳಚಿಕೊಳ್ಳುತ್ತಿವೆ. ಒಣಗಿಸಿದ ಸ್ಕ್ವಿಡ್ ಮೀನನ್ನು ಮುಖವಾಡ ಮಾಡಿಕೊಂಡು, ಉಡುಗೊರೆ ಪೆಟ್ಟಿಗೆ ಹೊತ್ತು, "ಪೆಟ್ಟಿಗೆ ಕೊಳ್ಳಿ" ಅಂತ ಹೆಣ್ಣಿನ ಮನೆ ಬೀದಿಯಲ್ಲಿ ಕೂಗುತ್ತಿದ್ದ ಗೆಳೆಯರ ದಂಡು ಅಪಾರ್ಟ್‌ಮೆಂಟ್‌ಗಳಲ್ಲಿ ಕಾಣುವುದೇ ಅಪರೂಪ. ಅತ್ತೆ ಮಾವ ಎಸೆದ ಖರ್ಜೂರದಂಥ ಹಣ್ಣನ್ನು, ಚೆಸ್ಟ್‌ನಟ್ ಬೀಜವನ್ನು ಬಟ್ಟೆಯಲ್ಲಿ ಹಿಡಿದು, ಎಷ್ಟು ಸಿಕ್ಕವೋ ಅಷ್ಟು ಮಕ್ಕಳು ಅಂತ ನಗುವ ಪ್ಯೆಬೆಕ್ ಇನ್ನೂ ಉಳಿದಿದೆ. ಅದಕ್ಕೂ ಹಾಲ್‌ನವರ ಪ್ರತ್ಯೇಕ ದರ ಇದೆ.

ಮುಂದೆ ಏನಾಗಬಹುದು?

ದೊಡ್ಡ ಪೀಳಿಗೆಯ ಅಲೆ ಇನ್ನು ಕೆಲವೇ ವರ್ಷ. 1995ರ ನಂತರ ಜನನ ಇಳಿಯುತ್ತಾ ಹೋಯಿತು, 2002ರಲ್ಲಿ 5 ಲಕ್ಷಕ್ಕಿಂತ ಕೆಳಗೆ ಬಂತು. ಆ ಮಕ್ಕಳು ಮೂವತ್ತು ದಾಟುವ 2030ರ ದಶಕದಲ್ಲಿ, ಇಂದಿನಷ್ಟೇ ಉತ್ಸಾಹದಿಂದ ಮದುವೆಯಾದರೂ ಒಟ್ಟು ಸಂಖ್ಯೆ ಕುಸಿಯಲೇಬೇಕು.

ಮದುವೆ ಕುಸಿದರೆ ಜನನವೂ ಕುಸಿಯುತ್ತದೆ, ಯಾಕೆಂದರೆ ಅಲ್ಲಿ ಮದುವೆಯಾಗದೆ ಮಗು ಮಾಡಿಕೊಳ್ಳುವವರು ತೀರಾ ಕಡಿಮೆ. 2024ರಲ್ಲಿ ಹುಟ್ಟಿದ ಮಕ್ಕಳಲ್ಲಿ ಶೇ. 5.8 ಮಾತ್ರ ಮದುವೆಯ ಹೊರಗೆ ಹುಟ್ಟಿದವರು. ಶ್ರೀಮಂತ ದೇಶಗಳ ಸರಾಸರಿ ಶೇ. 40ರ ಆಸುಪಾಸಿನಲ್ಲಿದೆ. ಹಾಗಾಗಿ ಮದುವೆಯಾಗದೆ ಜೊತೆಗಿರುವವರಿಗೂ ಕಾನೂನಿನ ರಕ್ಷಣೆ ಕೊಡಿ ಅನ್ನುವ ಒತ್ತಾಯ ಇದೆ. 2023ರಲ್ಲಿ ಸಂಸತ್ತಿನಲ್ಲಿ ಇದಕ್ಕೊಂದು ಮಸೂದೆಯೂ ಮಂಡನೆಯಾಯಿತು. ಸಲಿಂಗಿ ಜೋಡಿಗಳಿಗೂ ಇದು ಬಾಗಿಲು ತೆರೆಯುತ್ತದೆ ಅಂತ ಸಂಪ್ರದಾಯವಾದಿ ಕ್ರೈಸ್ತ ಸಂಘಟನೆಗಳು ವಿರೋಧಿಸಿದವು, ಮಸೂದೆ ಮುಂದೆ ಹೋಗಲಿಲ್ಲ. ಈಗ ಸಮಾರಂಭ ಮಾಡಿಕೊಂಡು ನೋಂದಾಯಿಸದವರಿಗೆ ಆರೋಗ್ಯ ವಿಮೆಯಂಥ ಕೆಲವು ಹಕ್ಕು ಸಿಗುತ್ತವೆ, ಆದರೆ ಸಂಗಾತಿ ಸತ್ತರೆ ಆಸ್ತಿಯಲ್ಲಿ ಪಾಲು ಸಿಗುವುದಿಲ್ಲ. ಅರ್ಜಿ ತಡ ಮಾಡಿದ್ದರ ಬೆಲೆ ಅಂಥ ಹೊತ್ತಲ್ಲಿ ಗೊತ್ತಾಗುತ್ತದೆ.

ಅಂಕಿಗಳನ್ನು ಗಮನಿಸುವವರು ಇನ್ನೊಂದು ದಿನಾಂಕ ಗುರುತು ಹಾಕಿಕೊಳ್ಳಬಹುದು. 2024ರಲ್ಲಿ ತಂದ ಮದುವೆ ತೆರಿಗೆ ರಿಯಾಯಿತಿ, ತಲಾ 5 ಲಕ್ಷ ವಾನ್, ನಿಯಮ ಮಾಡಿದಾಗಿನ ಪ್ರಕಾರ 2026ರ ಕೊನೆಯವರೆಗೆ ನೋಂದಾಯಿಸಿದವರಿಗೆ ಮಾತ್ರ. ಅದನ್ನು ಮುಂದುವರಿಸದಿದ್ದರೆ 2026ರ ಡಿಸೆಂಬರ್‌ನಲ್ಲಿ ಅರ್ಜಿಗಳು ನುಗ್ಗಿ, 2027ರ ಆರಂಭದ ತಿಂಗಳುಗಳಲ್ಲಿ ಸಂಖ್ಯೆ ಬೀಳುವ ಸಾಧ್ಯತೆ ಇದೆ. ಆಗ "ಕೊರಿಯನ್ನರಿಗೆ ಮತ್ತೆ ಮದುವೆ ಬೇಡವಾಯಿತು" ಅಂತ ತಲೆಬರಹ ಬಂದರೆ, ಆ ತಿಂಗಳುಗಳಲ್ಲಿ ಮದುವೆ ಹಾಲ್‌ಗಳು ಖಾಲಿ ಇದ್ದವಾ ಅಂತ ಕೇಳಿ ನೋಡಬೇಕು.